ಪೂರ್ವದ್ವಾರದ ಪಾದರಕ್ಷೆಗಳು

ಅಧ್ಯಕ್ಷಪೀಠದಲ್ಲಿರುವ ನೂತನ ಪ್ರಾಂತಾಧಿಕಾರಿ ಗುವೋ ಮಹಾಶಯರೇ, ಇಂದು ನಮ್ಮನ್ನು ಬಿಟ್ಟು ಹೊರಟಿರುವ ಮೆಂಗ್ ಶೂಲಿನ್ ಮಹಾಶಯರೇ, ದೋಣಿಯೇರಿ ಬಂದಿರುವ ನದೀತೀರದ ಹಿರಿಯರೇ, ಸಭಿಕರೇ,

ಸಿಂಹಾಸನಕ್ಕೆ ಸಲ್ಲುವ ಬಿನ್ನಹಗಳನ್ನು ನಕಲು ಮಾಡುತ್ತಲೇ ಮುದುಕನಾದವನು ನಾನು. ಮನೆಯಲ್ಲಿ ಗಂಜಿ ಕೇಳುವಾಗಲೂ ಚಕ್ರವರ್ತಿಗೆ ಅರಿಕೆ ಮಾಡಿದಂತೆಯೇ ಕೇಳುತ್ತೇನೆಂಬುದು ನನ್ನ ಹೆಂಡತಿಯ ದೂರು. ಆದ್ದರಿಂದ ಮಾತು ಕೊಂಚ ಲಂಬಿಸಿದರೆ ಮನ್ನಿಸಬೇಕು.

ಮೆಂಗ್ ಮಹಾಶಯರ ಜೀವನವನ್ನು ನಾನು ಹೇಳಬೇಕೇ? ಅಂಬಿಗನ ಮನೆಯಲ್ಲಿ ಹುಟ್ಟಿ, ರಾಜಧಾನಿಯ ಪರೀಕ್ಷೆಯಲ್ಲಿ ಗೆದ್ದು, ಮಂತ್ರಿಪದವಿಗೇರಿದವರು. ಅರಮನೆಯ ಉದ್ಯಾನಕ್ಕೆ ಬಂಡೆಯೆಳೆಯುವವರ ಹೆಗಲನ್ನು ಕುರಿತು ಕವಿತೆ ಬರೆದರು; ಆ ಕವಿತೆಯೇ ಅವರನ್ನು ಪ್ರಾಂತಾಧಿಕಾರಿಯಾಗಿ ನಮ್ಮ ಕೆಸರಿನ ಊರಿಗೆ ತಂದುಹಾಕಿತು. ನಷ್ಟ ಯಾರದು, ಲಾಭ ಯಾರದು?

ಬಂದವರೇ ನದಿಗೆ ಒಡ್ಡು ಕಟ್ಟಿಸತೊಡಗಿದರು. ಕೂಲಿಯವರಿಗೆ ಅಕ್ಕಿ ಕೋರುವ ಬಿನ್ನಹವನ್ನು ನನ್ನ ಕೈಗಿತ್ತಾಗ ನಾನದಕ್ಕೆ ಹಂಸ, ಇಬ್ಬನಿ, ಶರತ್ಕಾಲದ ಚಂದ್ರ ಎಲ್ಲವನ್ನೂ ತೊಡಿಸಿದೆ. ಓದಿ ನಕ್ಕರು. “ಲ್ಯೂ ತಾತ, ಹಸಿದವನ ಬಟ್ಟಲಿಗೆ ಹೂವು ಯಾಕೆ ಹಾಕ್ತೀರಿ? ಅಕ್ಕಿ ಬೇಕು ಅಂತ ಬರೀರಿ, ಸಾಕು.” ಕವಿಯಾದವರೇ ಹೀಗೆಂದರೆ ನಕಲುಗಾರನ ಗತಿಯೇನು? ನಾನು ಮುನಿಸಿಕೊಂಡೆ. ಅಕ್ಕಿ ಬಂತು. ಹಿಂದೆಯೇ, ಇಷ್ಟು ನೇರವಾಗಿ ಕೇಳಿದ್ದಕ್ಕೆ, ಅವರು ದಕ್ಷಿಣದ ಜ್ವರದ ಕಾಡುಸೀಮೆಗೆ ಹೋಗಬೇಕೆಂಬ ಆಜ್ಞೆಯೂ ಬಂತು.

ಒಳ್ಳೆಯ ಅಧಿಕಾರಿ ಹೊರಡುವಾಗ ಅವನ ಪಾದರಕ್ಷೆಗಳನ್ನು ಬಿಚ್ಚಿಕೊಂಡು ಊರಿನ ಪೂರ್ವದ್ವಾರಕ್ಕೆ ತೂಗುಹಾಕುವುದು ನಮ್ಮ ಪದ್ಧತಿ. ಅದಕ್ಕೆಂದೇ ಹೊಸ ಜೋಡಿ ಹೊಲಿಸಿಕೊಂಡು ಬಂದ ಮಹನೀಯರನ್ನೂ ಈ ಊರು ಕಂಡಿದೆ. ಮೆಂಗ್ ಮಹಾಶಯರೋ ಒಪ್ಪಲೇ ಇಲ್ಲ. ಒಡ್ಡು ಅರ್ಧಕ್ಕೇ ನಿಂತಿದೆ, ಕೆಲಸ ಮುಗಿಸದವನಿಗೆ ಆ ಮರ್ಯಾದೆ ಸಲ್ಲದು ಎಂದರು. ದೋಣಿ ನಡೆಸುವ ಷೆನ್ ಅಜ್ಜಿ ಬಿಟ್ಟಾಳೆಯೇ? “ಅರ್ಧಕ್ಕೆ ನಿಂತಿದೆ ಅಂತಲೇ ತೂಗುಹಾಕೋದು, ಸ್ವಾಮಿ. ಮುಂದೆ ಬರೋ ದೊಡ್ಡೋರು ದಿನಾ ಅದರ ಕೆಳಗೇ ಓಡಾಡ್ಬೇಕಲ್ಲ.”

ಅಧ್ಯಕ್ಷರೇ, ರಾಜಕೋಪಕ್ಕೆ ಗುರಿಯಾದವರ ಪಾದರಕ್ಷೆ ತೂಗಲು ತಮ್ಮ ಅನುಮತಿ ಬೇಕು. ಅದನ್ನು ಕೋರಿ ನಾನೊಂದು ಸೊಗಸಾದ ಬಿನ್ನಹವನ್ನೇ ಬರೆದು ತಂದಿದ್ದೆ. ಈಗ ಹೂವಿಲ್ಲದೆ ಹೇಳುತ್ತೇನೆ: ಬೆಳಗ್ಗೆಯೇ ತೂಗುಹಾಕಿದ್ದೇವೆ. ಮೆಂಗ್ ಮಹಾಶಯರು ನಿಲುವಂಗಿಯೊಳಗೆ ಕಾಲು ಮುದುಡಿ ಕುಳಿತಿರುವುದು ಚಳಿಗಲ್ಲ; ಅವರಲ್ಲಿದ್ದದ್ದು ಅದೊಂದೇ ಜೋಡಿ. ಅಟ್ಟೆಗೆ ಅಂಟಿದ ಒಡ್ಡಿನ ಮಣ್ಣನ್ನು ನಾವು ಒರೆಸಿಲ್ಲ. ಇಳಿಸುವುದು, ಉಳಿಸುವುದು ತಮಗೆ ಸೇರಿದ್ದು. ಒಡ್ಡು ಬೇಕು. ನೆರೆ ಬರುವ ಮುಂಚೆ ಬೇಕು.

ಕಡೆಯ ಸಾಲಿನಲ್ಲಿ ಷೆನ್ ಅಜ್ಜಿ ಮೆಂಗ್ ಮಹಾಶಯರ ಪ್ರಯಾಣಕ್ಕೆ ಹುಲ್ಲಿನ ಜೋಡೊಂದನ್ನು ಹೆಣೆಯುತ್ತಿದ್ದಾಳೆ. ಅದು ಮುಗಿಯಲೆಂದೇ ನಾನು ಇಷ್ಟು ಹೊತ್ತು ಮಾತು ಎಳೆದದ್ದು. ಈಗ ಕೊನೆಯ ಗಂಟು ಹಾಕುತ್ತಿರುವುದು ಕಾಣುತ್ತಿದೆ. ಅಷ್ಟರವರೆಗೂ ತಾಳಿಕೊಂಡ ತಮ್ಮೆಲ್ಲರಿಗೂ ಕೃತಜ್ಞತೆಗಳು. ನಮಸ್ಕಾರ.