ಹದಿಮೂರನೆಯ ರೀಲು, ಹದಿನಾಲ್ಕನೆಯ ಡಬ್ಬ

ಹೇಳಿಕೆ ಕೊಡುತ್ತಿರುವವಳು ಎಲ್ಲರೂ ಆಪರೇಟರಜ್ಜಿ ಎಂದು ಕರೆಯುವ ನಾನು. ವಯಸ್ಸು ಎಪ್ಪತ್ತೈದು. ಓದು ಮೂರನೆಯ ತರಗತಿ, ಅದೂ ಅರ್ಧ. ಕೆಲಸ, ಮುಚ್ಚಿಹೋದ ಹಳೆಯ ಚಿತ್ರಮಂದಿರದಲ್ಲಿ ಈಗ ಇರುವ ರಟ್ಟಿನ ಪೆಟ್ಟಿಗೆಗಳ ಗೋದಾಮನ್ನು ಗುಡಿಸುವುದು, ಬೀಗ ಹಾಕುವುದು. ವಾಸ, ಅದೇ ಕಟ್ಟಡದ ಹಿಂಭಾಗದ ಒಂದೂವರೆ ಕೋಣೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಅದೇ ಚಿತ್ರಮಂದಿರದಲ್ಲಿ ಮೂವತ್ತನಾಲ್ಕು ವರ್ಷ ಚಿತ್ರ ಓಡಿಸುವ ಆಪರೇಟರ್ ಆಗಿದ್ದರು.

ಈ ಮೂಲಕ ತಿಳಿಸುವುದು ಠಾಣೆಯವರು ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಇದೆ. ಪೂರ್ತಿ ಬರೆದುಕೊಳ್ಳಬೇಕು. ನಿನ್ನೆ ಭಾನುವಾರ ಸಂಜೆಯಿಂದ ನೀವು ಒಳಗೆ ಕೂರಿಸಿಕೊಂಡಿರುವ ಕಾಂಪೌಂಡರ್ ನನ್ನ ಒಡಹುಟ್ಟಿದ ತಮ್ಮ, ವಯಸ್ಸು ಎಪ್ಪತ್ತು. ಅವನು ದರ್ಜಿಯನ್ನು ಮೆಟ್ಟಿಲಿನಿಂದ ದಬ್ಬಿ ಬೀಳಿಸಿದ ಎಂದು ದರ್ಜಿಯ ಮಗ ದೂರು ಕೊಟ್ಟಿದ್ದಾನೆ. ತಮ್ಮ ದಬ್ಬಲಿಲ್ಲ. ನಾನು ನಾಲ್ಕು ಅಡಿ ದೂರದಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದೆ.

ದರ್ಜಿ, ನನ್ನ ತಮ್ಮ, ಮತ್ತು ಒಬ್ಬರು ನಿವೃತ್ತ ಗುಮಾಸ್ತರು, ಈ ಮೂವರು ಹನ್ನೊಂದು ವರ್ಷದಿಂದ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಬಾಲ್ಕನಿ ಮೆಟ್ಟಿಲಿನ ಮೇಲಿನ ಹಜಾರದಲ್ಲಿ ಸೇರುತ್ತಾರೆ. ಹಳೆಯ ಚಿತ್ರಗಳಲ್ಲಿ ಅತಿ ಶ್ರೇಷ್ಠವಾದ ಹತ್ತು ಯಾವುವು ಎಂದು ತೀರ್ಮಾನಿಸುವುದು ಅವರ ಕೆಲಸ. ಈ ಕೆಲಸವನ್ನು ಅವರಿಗೆ ಯಾರೂ ವಹಿಸಿಲ್ಲ. ಗುಮಾಸ್ತರು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯುವುದರಿಂದ ಅವರಿಗೆ ಪಟ್ಟಿಯಣ್ಣ ಎಂದೇ ಹೆಸರು. ಅಭಿನಯಕ್ಕೆ ಇಪ್ಪತ್ತೈದು, ಹಾಡಿಗೆ ಇಪ್ಪತ್ತು ಎಂದು ಅಂಕ ಹಾಕುತ್ತಾರೆ. ಮೇಷ್ಟ್ರಾಗಬೇಕಾಗಿತ್ತು, ಮಕ್ಕಳು ಬಚಾವಾದರು. ಎರಡರಿಂದ ಹತ್ತರವರೆಗಿನ ಸ್ಥಾನಗಳು ಗಟ್ಟಿಯಾಗಿವೆ. ಒಂದನೆಯದು ಮೂರು ವರ್ಷದಿಂದ ಖಾಲಿ ಬಿದ್ದಿದೆ.

ನನಗೆ ಚಿತ್ರಗಳ ಹೆಸರು ನೆನಪಿಲ್ಲ. ಡಬ್ಬ ಹೊತ್ತವಳಿಗೆ ರೀಲಿನ ಎಣಿಕೆಯೇ ಹೆಸರು. ನನ್ನ ತಮ್ಮ ಹಟ ಹಿಡಿದಿರುವುದು ಹದಿನೇಳು ರೀಲಿನದಕ್ಕೆ, ಕಳ್ಳನೊಬ್ಬ ನ್ಯಾಯಾಧೀಶರ ಮನೆಗೇ ಅಡುಗೆಯವನಾಗಿ ಸೇರಿಕೊಳ್ಳುವ ನಗೆಚಿತ್ರ. ದರ್ಜಿ ಹಟ ಹಿಡಿದಿರುವುದು ಹದಿನಾಲ್ಕು ರೀಲಿನದಕ್ಕೆ, ಮನೆ ಬಿಟ್ಟುಹೋದ ಮಗನಿಗಾಗಿ ತಾಯಿ ಸೇತುವೆಯ ಮೇಲೆ ಕಾಯುವುದು. ಅಳಿಸುವುದು ಏನು ಮಹಾ, ಈರುಳ್ಳಿಯೂ ಅಳಿಸುತ್ತದೆ, ನಾನೂರು ಜನರನ್ನು ಒಟ್ಟಿಗೆ ನಗಿಸಿ ನೋಡು ಎಂದು ತಮ್ಮ ಹೇಳುತ್ತಾನೆ. ನಕ್ಕಿದ್ದು ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ, ಮುಗಿದ ಮೇಲೂ ನಮ್ಮ ಜೊತೆ ಮನೆಯವರೆಗೆ ನಡೆದು ಬರುವುದೇ ದೊಡ್ಡ ಚಿತ್ರ ಎಂದು ದರ್ಜಿ ಹೇಳುತ್ತಾನೆ. ಈ ಎರಡು ಮಾತುಗಳನ್ನು ನಾನು ಸುಮಾರು ನೂರೈವತ್ತು ಭಾನುವಾರ ಕೇಳಿದ್ದೇನೆ. ಅವರಿಗೆ ಮಾತು ಹಳೆಯದಾದರೂ ಆಗುತ್ತದೆ, ಟೀ ಮಾತ್ರ ಪ್ರತಿ ಸಲ ಹೊಸದಾಗಿ ಕಾಯಿಸಿ ಕೊಡಬೇಕು.

ಬರುವ ಶನಿವಾರ ಗ್ರಂಥಾಲಯದವರು ಇವರ ಪಟ್ಟಿಯ ಮೊದಲನೆಯ ಚಿತ್ರವನ್ನು ಪರದೆ ಕಟ್ಟಿ ತೋರಿಸುತ್ತೇವೆ ಎಂದಿದ್ದರು. ಸೋಮವಾರದೊಳಗೆ ಹೆಸರು ಕೊಡಬೇಕಾಗಿತ್ತು. ಆದ್ದರಿಂದ ನಿನ್ನೆ ಮೂವರೂ ಐದು ನಿಮಿಷ ಮೊದಲೇ ಬಂದರು. ದರ್ಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಗಂಡು ನೋಡಲು ಬರುವವರಿದ್ದಾರೇನೋ ಎಂದು ನಾನು ಕೇಳಿದೆ. ಅತ್ತಿಗೆ, ಇವತ್ತು ಗೆಲ್ಲುವ ದಿನ ಎಂದ. ನನ್ನ ಗಂಡನನ್ನು ಅಣ್ಣ ಎನ್ನುತ್ತಿದ್ದುದರಿಂದ ನನ್ನನ್ನು ಅವನು ಅತ್ತಿಗೆ ಎನ್ನುತ್ತಾನೆ.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ತಮ್ಮ ಜೇಬಿನಿಂದ ಮೊಬೈಲ್ ತೆಗೆದ. ಮೊಮ್ಮಗಳು ಹದಿನಾಲ್ಕು ರೀಲಿನ ಚಿತ್ರವನ್ನು ಅದರಲ್ಲಿ ಹುಡುಕಿ ಕೊಟ್ಟಿದ್ದಾಳೆ ಎಂದ. ಆ ಚಿತ್ರ ಇಲ್ಲಿ ಓಡಿದಾಗ ಅವನು ಬೇರೆ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯುತ್ತಿದ್ದ. ಪಟ್ಟಿಯಣ್ಣ ಈ ಊರಿಗೇ ಬಂದಿರಲಿಲ್ಲ. ಕೊನೆಯ ಭಾಗ ನೋಡೋಣ ಕಣೋ, ನನಗೆ ಅಳು ಬಂದರೆ ನನ್ನ ಮತವೂ ನಿನಗೇ ಎಂದು ತಮ್ಮ ಹೇಳಿದ. ಇದನ್ನು ದಯವಿಟ್ಟು ಬರೆದುಕೊಳ್ಳಿ. ಅವನು ಜಗಳಕ್ಕೆ ಬಂದಿರಲಿಲ್ಲ, ಸೋಲಲು ಬಂದಿದ್ದ. ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಮೂವರೂ ತಲೆಗೆ ತಲೆ ತಾಗಿಸಿ ಕೊನೆಯ ಇಪ್ಪತ್ತೈದು ನಿಮಿಷ ನೋಡಿದರು. ತಾಯಿ ಸೇತುವೆಯ ಮೇಲೆ ಲಾಟೀನು ಹಿಡಿದು ಕಾಯುತ್ತಾಳೆ. ಆಮೇಲೆ ಮಗ ಓಡಿಬರುತ್ತಾನೆ, ತಬ್ಬಿಕೊಳ್ಳುತ್ತಾರೆ, ಮನೆಮಂದಿಯೆಲ್ಲ ಊಟಕ್ಕೆ ಕೂತು ನಗುತ್ತಾರೆ, ಶುಭಂ ಎಂದು ಅಕ್ಷರ ಬರುತ್ತದೆ. ಆಗ ನಾಲ್ಕು ಗಂಟೆ ಐವತ್ತೆರಡು ನಿಮಿಷ.

ದರ್ಜಿ ಇದು ಹೀಗಲ್ಲ ಎಂದ. ನಗು ಮೊದಲು ಬರುತ್ತದೆ, ಆಮೇಲೆ ಒಂದು ಕ್ಷಣ ಪೂರ್ತಿ ಕತ್ತಲೆ, ಆಮೇಲೆ ನೋಡಿದರೆ ತಾಯಿ ಒಬ್ಬಳೇ ಸೇತುವೆಯ ಮೇಲೆ, ಮಗ ಬಂದದ್ದೆಲ್ಲ ಅವಳು ಅಂದುಕೊಂಡದ್ದು ಅಷ್ಟೇ, ಚಿತ್ರ ಅಲ್ಲಿಗೆ ಮುಗಿಯುತ್ತದೆ, ನಾನು ಮೂವತ್ತೊಂದು ಸಲ ನೋಡಿದ್ದೇನೆ ಎಂದ. ನನ್ನ ತಮ್ಮ ನಕ್ಕು, ಉದ್ದ ಸಾಲದು ಎಂದು ನೀನೇ ಒಂದು ತುಂಡು ಸೇರಿಸಿ ಹೊಲಿದಿದ್ದೀಯ ಬಿಡು ಎಂದ. ದರ್ಜಿ ನಗಲಿಲ್ಲ. ಇನ್ನೊಂದು ಸಲ ಹಾಕು ಎಂದ. ಕೊನೆಯ ಐದು ನಿಮಿಷ ಮತ್ತೆ ಹಾಕಿದರು. ಮಗ ಮತ್ತೆ ಬಂದ. ಎಲ್ಲರೂ ಮತ್ತೆ ನಕ್ಕರು. ದರ್ಜಿ ಮೊಬೈಲಿಗೆ ಬೈದ, ನನ್ನ ತಮ್ಮ ದರ್ಜಿಗೆ ಬೈದ. ಹೋದ ತಿಂಗಳು ಒಂದೇ ಅಂಗಿಗೆ ಎರಡು ಎಡತೋಳು ಹಚ್ಚಿದವನು ನಲವತ್ತೆಂಟು ವರ್ಷದ ಹಿಂದಿನದು ಹೇಳಲು ಬರುತ್ತಾನೆ ಎಂದ. ಆ ಮಾತು ನಿಜವಾಗಿತ್ತು. ಅದನ್ನು ಆಡಬಾರದಾಗಿತ್ತು.

ದರ್ಜಿ ಎದ್ದು ಮೆಟ್ಟಿಲಿನ ಕಡೆಗೆ ಹೋಗಿ ನಿಂತ. ಕೊರಳಲ್ಲಿದ್ದ ಅಳತೆಯ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಅವನ ಅಣ್ಣ ಕೊನೆಗಾಲದಲ್ಲಿ ಸ್ವಂತ ಮನೆಯ ಬಾಗಿಲನ್ನು ಗುರುತಿಸದೆ ಬೀದಿಯಲ್ಲಿ ನಿಲ್ಲುತ್ತಿದ್ದ. ಅದು ಬೀದಿಗೆಲ್ಲ ಗೊತ್ತು. ದರ್ಜಿ ನನ್ನನ್ನು ನೋಡಿ, ಅತ್ತಿಗೆ, ನನಗೂ ಶುರುವಾಯಿತಾ ಎಂದು ಕೇಳಿದ.

ಆ ಪ್ರಶ್ನೆಯನ್ನು ಕೇಳಿಸಿಕೊಂಡು ನನಗೆ ಸುಮ್ಮನಿರಲು ಆಗಲಿಲ್ಲ. ನಿನಗೆ ಏನೂ ಆಗಿಲ್ಲ ಎಂದು ಹೇಳಿದೆ. ನೀನು ನೋಡಿದ್ದು ಸರಿ, ಮೊಬೈಲಿನಲ್ಲಿ ಇರುವುದೂ ಸರಿ, ನಮ್ಮ ಚಿತ್ರಮಂದಿರದಲ್ಲಿ ಮಾತ್ರ ಕೊನೆಯ ಎರಡು ರೀಲು ಹಿಂದುಮುಂದಾಗಿದ್ದವು ಎಂದು ಹೇಳಿದೆ.

ನಾನು ಅವರಿಗೆ ಹೇಳಿದ್ದು ಇಷ್ಟು. ನಲವತ್ತೆಂಟು ವರ್ಷದ ಹಿಂದೆ ಆ ಚಿತ್ರ ಬಂದ ಶುಕ್ರವಾರ ಆಪರೇಟರಿಗೆ ನೂರಮೂರು ಡಿಗ್ರಿ ಜ್ವರ. ಮಧ್ಯಾಹ್ನದ ಆಟ ಸರಿಯಾಗಿಯೇ ಓಡಿತು. ಎಪ್ಪತ್ತು ಜನ ಬಂದಿದ್ದರು, ಆಕಳಿಸಿಕೊಂಡು ಹೋದರು. ಸಂಜೆಯ ಆಟದಲ್ಲಿ ಹದಿಮೂರರ ಜಾಗದಲ್ಲಿ ಹದಿನಾಲ್ಕು ಓಡಿತು. ಶುಭಂ ಎಂದು ಬಂದಾಗಲೇ ಅವರಿಗೆ ಗೊತ್ತಾದದ್ದು. ಅಂಗೈಯಿಂದ ಬೆಳಕು ಮುಚ್ಚಿ, ಪಕ್ಕದ ಯಂತ್ರದಲ್ಲಿದ್ದ ಹದಿಮೂರನ್ನು ಓಡಿಸಿಬಿಟ್ಟರು. ದರ್ಜಿ ಹೇಳುವ ಕತ್ತಲೆ ಅದೇ. ಆಟ ಮುಗಿದ ಮೇಲೆ ಮ್ಯಾನೇಜರ್ ಓಡಿಬಂದರು. ಕೆಲಸ ಹೋಯಿತು ಎಂದುಕೊಂಡೆವು. ಕೆಳಗೆ ಯಾರೂ ಏಳುತ್ತಿಲ್ಲ, ಎಲ್ಲರೂ ಅಳುತ್ತಾ ಕೂತಿದ್ದಾರೆ, ನಾಳೆಯೂ ಹೀಗೆಯೇ ಓಡಿಸು ಎಂದರು. ಆಪರೇಟರ್ ಶುಭಂ ತುಂಡನ್ನು ಕತ್ತರಿಸಿ ಹದಿಮೂರರ ಬಾಲಕ್ಕೆ ಅಂಟಿಸಿದರು. ಹಾಗೆಯೇ ಇಪ್ಪತ್ತೈದು ವಾರ ಓಡಿತು. ವಾಪಸು ಕಳಿಸುವಾಗ ಮೊದಲಿನಂತೆ ಅಂಟಿಸಿ ಕಳಿಸಿದರು. ಆಪರೇಟರ್ ಮಾಡಿದ ತಪ್ಪನ್ನು ಇಡೀ ಊರು ನೋಡಿ ಅತ್ತಿತು ಎಂದು ನಾನು ಹೇಳಿ ಮುಗಿಸಿದೆ.

ದರ್ಜಿ ಪರದೆಯನ್ನು ಪೂರ್ತಿ ನೋಡಲು ಹಿಂದೆ ಸರಿಯುವವರ ಹಾಗೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಅಲ್ಲಿ ನೆಲ ಇರಲಿಲ್ಲ, ಮೆಟ್ಟಿಲಿತ್ತು. ನನ್ನ ತಮ್ಮ ನನಗಿಂತ ಎರಡು ಅಡಿ ಮುಂದಿದ್ದ. ಕೈಚಾಚಿ ಅವನ ಅಂಗಿಯ ಎದೆಯ ಭಾಗವನ್ನು ಹಿಡಿದುಕೊಂಡ. ಅಂಗಿ ಜಾರಿತು, ಗುಂಡಿ ಕೈಯಲ್ಲಿ ಉಳಿಯಿತು. ದರ್ಜಿ ಏಳು ಮೆಟ್ಟಿಲು ಉರುಳಿ ತಿರುವಿನಲ್ಲಿ ಬಿದ್ದ. ಆಗ ಐದು ಗಂಟೆ ಹತ್ತು ನಿಮಿಷ. ಪಟ್ಟಿಯಣ್ಣ ತಲೆ ಬಗ್ಗಿಸಿ ಬರೆಯುತ್ತಿದ್ದರು, ಅವರು ಏನನ್ನೂ ನೋಡಿಲ್ಲ. ಏನು ಬರೆಯುತ್ತಿದ್ದಿರಿ ಎಂದು ಆಮೇಲೆ ಕೇಳಿದೆ. ಕತೆಯ ಅಂಕ ತಿದ್ದುತ್ತಿದ್ದೆ ಎಂದರು.

ಆಂಬುಲೆನ್ಸ್ ಐದು ಮೂವತ್ತೆರಡಕ್ಕೆ ಬಂತು. ಅಲ್ಲಿಯವರೆಗೆ ನನ್ನ ತಮ್ಮ ದರ್ಜಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಯವನ್ನು ತನ್ನ ಕರವಸ್ತ್ರದಿಂದ ಒತ್ತಿ ಹಿಡಿದಿದ್ದ. ದರ್ಜಿಯ ಮಗ ಬಂದಾಗ ತಮ್ಮನ ಇನ್ನೊಂದು ಮುಷ್ಟಿಯಲ್ಲಿ ಗುಂಡಿ ಇತ್ತು. ಏನಾಯಿತು ಎಂದು ಕೇಳಿದ್ದಕ್ಕೆ ತಮ್ಮ, ನನ್ನಿಂದಲೇ ಆಯಿತು ಎಂದ. ನೀವೂ ಅದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡಿದ್ದೀರಿ. ಅವನು ಚಿಕ್ಕಂದಿನಿಂದ ಹಾಗೆಯೇ. ಮನೆಯಲ್ಲಿ ಹಾಲು ಉಕ್ಕಿದರೂ ತನ್ನಿಂದಲೇ ಎನ್ನುತ್ತಿದ್ದ, ಉಕ್ಕಿಸಿದವಳು ನಾನು ಸುಮ್ಮನಿರುತ್ತಿದ್ದೆ.

ಆ ಗುಂಡಿ ನಿಮ್ಮ ಮೇಜಿನ ಮೇಲೆ ಚೀಟಿಯಲ್ಲಿ ಕಟ್ಟಿಟ್ಟಿದೆ. ಬಿಚ್ಚಿ ನೋಡಿ. ಅದಕ್ಕೆ ದಾರ ಮತ್ತು ಒಂದು ಚೂರು ಬಟ್ಟೆ ಅಂಟಿಕೊಂಡಿದೆ. ದಬ್ಬಿದ್ದರೆ ಗುಂಡಿ ಅಂಗಿಯಲ್ಲೇ ಇರುತ್ತಿತ್ತು. ದರ್ಜಿ ತನ್ನ ಅಂಗಿಯ ಗುಂಡಿಗೆ ಎಂಟು ಸುತ್ತು ದಾರ ಹಾಕುತ್ತಾನೆ, ಗಿರಾಕಿಗಳಿಗೆ ನಾಲ್ಕು. ಎಂಟು ಸುತ್ತಿನ ಗುಂಡಿ ಬಟ್ಟೆ ಸಮೇತ ಕಿತ್ತು ಬರಬೇಕಾದರೆ ಎಳೆದವನು ಇದ್ದ ಬಲವನ್ನೆಲ್ಲ ಹಾಕಿ ಎಳೆದಿರಬೇಕು.

ಇಂದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ನಾನು ಆಸ್ಪತ್ರೆಗೆ ಹೋದೆ. ಮೊದಲ ಮಹಡಿ, ಬಾಗಿಲಿನಿಂದ ಮೂರನೆಯ ಮಂಚ. ತಲೆಗೆ ನಾಲ್ಕು ಹೊಲಿಗೆ ಹಾಕಿದ್ದಾರೆ, ಎಡ ಮಣಿಕಟ್ಟು ಮುರಿದಿದೆ. ಹೊಲಿಗೆ ನೆಟ್ಟಗಿಲ್ಲ ಎಂದು ದರ್ಜಿ ಡಾಕ್ಟರಿಗೆ ಹೇಳಿದನಂತೆ. ಕಾಂಪೌಂಡರ್ ದಬ್ಬಲಿಲ್ಲ ಎಂದು ಅವನು ಮಗನಿಗೂ ಹೇಳಿದ್ದಾನೆ. ಸ್ನೇಹಿತನನ್ನು ಉಳಿಸಲು ಹೇಳುತ್ತಿದ್ದಾನೆ ಎಂದು ಮಗ ನಂಬಿಲ್ಲ. ಮಧ್ಯಾಹ್ನದ ತನಕ ಪೊಲೀಸರು ಮಾತಾಡಿಸಬಾರದು ಎಂದು ಡಾಕ್ಟರು ಹೇಳಿದ್ದರಿಂದ ನೀವು ಅವನನ್ನು ಕೇಳಿಲ್ಲ.

ನನ್ನ ಮಾತಿನಿಂದ ಹೀಗಾಯಿತು ಎಂದು ನಾನು ಅವನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಲು ಹೋಗಿ ನೋವಾಗಿ ಬಿಟ್ಟ. ಅತ್ತಿಗೆ, ನಾನು ಆಗ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು ಎಂದ. ಮೊದಲ ಶುಕ್ರವಾರ ಸಂಜೆಯ ಆಟಕ್ಕೆ ಹೋಗಿದ್ದೆ, ಆ ತಾಯಿ ಒಬ್ಬಳೇ ನಿಂತದ್ದನ್ನು ನೋಡಿ ಹೊರಗೆ ಬಂದವನು ಕೋಣೆಗೆ ಹೋಗಲಿಲ್ಲ, ಸೀದಾ ಬಸ್ಸು ಹತ್ತಿ ಊರಿಗೆ ಹೋದೆ, ಅಮ್ಮ ಇನ್ನು ನಾಲ್ಕು ತಿಂಗಳು ಇದ್ದಳು, ಆ ನಾಲ್ಕು ತಿಂಗಳು ನನಗೆ ಸಿಕ್ಕಿತು ಎಂದ. ಉಳಿದ ಮೂವತ್ತು ಸಲ ನೋಡಿದ್ದು ಅವಳು ಹೋದ ಮೇಲೆ ಇಲ್ಲಿಗೆ ವಾಪಸು ಬಂದು ಎಂದ. ಮಧ್ಯಾಹ್ನದ ಆಟ ನೋಡಿದ್ದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡು ಕೋಣೆಗೆ ಹೋಗಿ ಮಲಗುತ್ತಿದ್ದೆ ಎಂದ. ಆಮೇಲೆ, ಒಂದನೆಯ ಸ್ಥಾನ ಅದಕ್ಕೇ, ಪಟ್ಟಿಯಣ್ಣನಿಗೆ ಹೇಳಿ, ಆ ಚಿತ್ರ ಹೇಗೆ ಮುಗಿಯಬೇಕು ಎಂದು ಮಾಡಿದವನಿಗೆ ಗೊತ್ತಿರಲಿಲ್ಲ, ನಮ್ಮ ಆಪರೇಟರಣ್ಣನಿಗೆ ಗೊತ್ತಿತ್ತು ಎಂದ.

ಇಲ್ಲಿಗೆ ನನ್ನ ಹೇಳಿಕೆ ಮುಗಿಯಬೇಕಾಗಿತ್ತು. ಒಂದು ತಿದ್ದುಪಡಿ ಇದೆ. ಬರೆದುಕೊಳ್ಳುತ್ತಿರುವ ಪೊಲೀಸ್ ತಂಗಿ ಇದು ಪ್ರಕರಣಕ್ಕೆ ಬೇಡ ಎನ್ನುತ್ತಿದ್ದಾಳೆ. ಬೇಕು.

ಆಪರೇಟರಿಗೆ ಗೊತ್ತಿರಲಿಲ್ಲ. ಆ ಶುಕ್ರವಾರ ಮಧ್ಯಾಹ್ನದ ಆಟ ಮುಗಿದ ಮೇಲೆ ಅವರು ಜ್ವರದಲ್ಲಿ ನೆಲದ ಮೇಲೆ ಮಲಗಿದ್ದರು. ಹದಿನಾಲ್ಕು ರೀಲನ್ನೂ ಕೈಯಲ್ಲಿ ತಿರುಗಿಸಿ ಮತ್ತೆ ಸುತ್ತಿ ಡಬ್ಬಕ್ಕೆ ಹಾಕಿದವಳು ನಾನು. ನನಗೆ ಎಂಟು ತಿಂಗಳಾಗಿತ್ತು, ಕಾಲು ಬಾತುಕೊಂಡಿದ್ದವು, ಕಣ್ಣು ಮುಚ್ಚಿಹೋಗುತ್ತಿತ್ತು. ಹದಿಮೂರನ್ನು ಹದಿನಾಲ್ಕರ ಡಬ್ಬಕ್ಕೂ ಹದಿನಾಲ್ಕನ್ನು ಹದಿಮೂರರದಕ್ಕೂ ಹಾಕಿದೆ. ಅವರು ಡಬ್ಬದ ಮೇಲಿನ ಸಂಖ್ಯೆ ನಂಬಿ ಓಡಿಸಿದರು. ರೀಲಿನ ತುದಿಯಲ್ಲಿ ಬರೆದ ಸಂಖ್ಯೆ ನೋಡದೆ ಹಾಕಿ ತಾವೇ ಕೆಡಿಸಿದೆವು ಎಂದು ಅವರು ಅಂದುಕೊಂಡರು. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ನಾನು ಆ ದಿನ ಹೇಳಲಿಲ್ಲ. ಆಮೇಲೆ ಹೇಳಲು ದಿನ ಸಿಗಲಿಲ್ಲ. ಯಾರಾದರೂ ಆ ಚಿತ್ರವನ್ನು ಹೊಗಳಿದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. ಇನ್ನೊಬ್ಬರ ಚಿತ್ರವನ್ನು ಹಾಳು ಮಾಡಿದವನು ಎಂದುಕೊಂಡೇ ತೀರಿಕೊಂಡರು. ನಿನ್ನೆ ಸಂಜೆಯೂ ನಾನು ತಪ್ಪನ್ನು ಅವರ ತಲೆಗೇ ಹಾಕಿ ಹೇಳಿದೆ. ಅಭ್ಯಾಸ.

ದರ್ಜಿಯ ಮಾತನ್ನು ಅವರು ಬದುಕಿದ್ದಾಗ ಯಾರಾದರೂ ಆಡಿದ್ದರೆ ಚೆನ್ನಾಗಿತ್ತು. ಆ ಮಾತು ಈಗ ಅವರ ಹೆಸರಿಗೆ ಬಂದಿದೆ, ಅಲ್ಲೇ ಇರಲಿ. ಈ ತಿದ್ದುಪಡಿಯನ್ನು ದರ್ಜಿಗೆ ಓದಿ ಹೇಳಬಾರದು ಎಂದು ಕೇಳಿಕೊಳ್ಳುತ್ತೇನೆ. ನನ್ನ ತಮ್ಮನಿಗೆ ಓದಿ ಹೇಳಿ. ತನ್ನಿಂದ ಆಗದ್ದೂ ಒಂದಿದೆ ಎಂದು ಅವನಿಗೆ ಗೊತ್ತಾಗಲಿ. ಅವನ ಬೆಳಗಿನ ಮಾತ್ರೆ ನನ್ನ ಚೀಲದಲ್ಲಿದೆ, ಹೊತ್ತು ಮೀರಿದೆ. ಬೇಗ ಬಿಡಿ.

ಬರೆದದ್ದನ್ನು ತಂಗಿ ಎರಡು ಸಲ ಓದಿ ಹೇಳಿದಳು, ನಾನು ಕೇಳಿಸಿಕೊಂಡೆ. ಇದರಲ್ಲಿ ಸುಳ್ಳಿಲ್ಲ, ಈ ಸಲ ಬಿಟ್ಟದ್ದೂ ಇಲ್ಲ. ಮಸಿ ತರಬೇಡಿ, ಹೆಬ್ಬೆಟ್ಟು ಬೇಡ, ಸಹಿ ಮಾಡಲು ಬರುತ್ತದೆ.

ಸ್ಥಳ: ಠಾಣೆಯ ಒಳಗಿನ ಬೆಂಚು
ದಿನ: ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಐವತ್ತು ನಿಮಿಷ
ಸಹಿ: ಆಪರೇಟರ ಹೆಂಡತಿ