ಮೊಳೆಯಲ್ಲೇ ಉಳಿದ ಮುಚ್ಚಳ

ಇಲ್ಲಿ ಕೂತವರಲ್ಲಿ ಗಣಿಗೆ ಇಳಿದವರಿಲ್ಲದ ಮನೆ ಒಂದೂ ಇಲ್ಲ. ಅದಕ್ಕೇ ಈ ಕಥೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆದರೆ ಇದು ನಮ್ಮ ಗಣಿಯದಲ್ಲ. ಅಮೆರಿಕದ ಗುಡ್ಡಗಾಡಿನಲ್ಲಿ ಒಂದು ಕಲ್ಲಿದ್ದಲಿನ ಊರು. ಐವತ್ತು ವರ್ಷದ ಹತ್ತಿರದ ಮಾತು. ಆ ಊರಲ್ಲಿ ಒಬ್ಬ ಇದ್ದ. ಶ್ರೀಮಂತ ಎನ್ನಲೇ, ಅಲ್ಲ. ಬಡವ ಎನ್ನಲೇ, ಅದೂ ಅಲ್ಲ. ತಾನು ಗಂಡಸು ಹೌದೋ ಅಲ್ಲವೋ ಎಂಬ ಒಂದೇ ಚಿಂತೆಯ ಮನುಷ್ಯ.

ಯಾಕೆ ಆ ಚಿಂತೆ? ನೋಡಿ, ಅವನ ಅಪ್ಪ ಒಂದು ದೊಡ್ಡ ಯುದ್ಧ ಗೆದ್ದು ಬಂದವನು. ಅಣ್ಣ ಇನ್ನೊಂದು ಯುದ್ಧ ಸೋತು ಬಂದವನು. ಇವನಿಗೆ ಯುದ್ಧವೇ ಸಿಗಲಿಲ್ಲ. ಆದರೂ ಗಣಿ ಇತ್ತಲ್ಲ. ಮುಖಕ್ಕೆ ಮಸಿ ಮೆತ್ತಿಕೊಂಡು ಮೇಲೆ ಬಂದರೆ ಊರು ಗಂಡಸೆನ್ನುತ್ತಿತ್ತು. ಒಂದು ದಿನ ಆ ಗಣಿಯೂ ಮುಚ್ಚಿತು. ಹೆಂಗಸರಿಗೂ ಗಣಿಯೊಳಗೆ ಕೆಲಸ ಕೊಡಬೇಕೆಂದು ಆ ದೇಶದಲ್ಲಿ ಗಲಾಟೆ ನಡೆದ ಕಾಲ ಅದು. ಗುಡ್ಡದಾಚೆಯ ಗಣಿಯವರು ಇವನನ್ನು ಕರೆಯಲಿಲ್ಲ, ಇವನ ಹೆಂಡತಿಯನ್ನು ಕರೆದರು. ಅವಳು ಇವನದೇ ಬೂಟಿನ ತುದಿಗೆ ಚಿಂದಿ ತುರುಕಿ, ಹಾಕಿಕೊಂಡು ಹೋದಳು.

ಇವನು ಮನೆಯಲ್ಲಿ ಕೂತ. ಕೂತ ಎಂದರೆ ಕೂತನೇ? ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ಕ್ಷೌರದಂಗಡಿಗೆ ಹೋದರೆ ಅಲ್ಲಿ ಮಾತು ಕಾದಿರುತ್ತಿತ್ತು. ಆ ಮಂದಿಯ ಭಾಷೆ ನನಗೆ ಬಾರದು, ನಮ್ಮ ಮಾತಿನಲ್ಲೇ ಹೇಳುತ್ತೇನೆ.

“ಏನಪಾ, ಪಾಳಿ ಬಿಡೂ ಹೊತ್ತಾತು. ಅಕಿಗೆ ನೀರು ಕಾಸಿಟ್ಟಿಯೇನು?”

“ಕಾಸ್ಯಾನ ಬಿಡು. ಬೆನ್ನೂ ತಿಕ್ಕತಾನ.”

ನಕ್ಕರು. ಇವನೂ ನಕ್ಕ. 

ಅದೇ ಅಂಗಡಿಯಲ್ಲಿ ಒಂದು ಪತ್ರಿಕೆ ಬಿದ್ದಿರುತ್ತಿತ್ತು. ಪುಟ ತಿರುವಿದರೆ ಬಂದೂಕು, ಚಾಕು, ಕಾಡು. ಕೊನೆಯ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದ ಜಾಹೀರಾತು: ದೂರದೇಶದಲ್ಲಿ ಕೆಲಸವಿದೆ, ಎದೆಗಾರ ಗಂಡಸರು ಬರೆಯಿರಿ. ಯಾವ ದೇಶ? ಯಾರ ಜಗಳ? ಯಾರದು ಸರಿ, ಯಾರದು ತಪ್ಪು? ಅಲ್ಲಿ ಬರೆದಿರಲಿಲ್ಲ, ಇವನೂ ಕೇಳಲಿಲ್ಲ. ‘ಗಂಡಸರು’ ಎಂಬುದೊಂದೇ ಕಣ್ಣಿಗೆ ಬಿತ್ತು. ಆಫ್ರಿಕದ ಯಾವುದೋ ಯುದ್ಧಕ್ಕೆ ಬಾಡಿಗೆ ಸಿಪಾಯಿಯಾಗಿ ಹೊರಟ.

ಹೊರಡುವ ದಿನ ಅಪ್ಪನ ಹತ್ತಿರ ಹೋದ. ಮುದುಕ ಈಗ ಸೊಸೆ ಇಳಿಯುವ ಗಣಿಯ ಬಾಯಲ್ಲಿ ಬಿಲ್ಲೆ ಹಲಗೆ ಕಾಯುತ್ತಿದ್ದ. ನಿಮಗೆ ಹೇಳಬೇಕಿಲ್ಲ: ಇಳಿಯುವಾಗ ಪ್ರತಿಯೊಬ್ಬರೂ ತಮ್ಮ ಅಂಕಿ ಕೊರೆದ ಹಿತ್ತಾಳೆ ಬಿಲ್ಲೆಯನ್ನು ಆ ಹಲಗೆಯ ಮೊಳೆಗೆ ಹಾಕುತ್ತಾರೆ, ಮೇಲೆ ಬಂದಾಗ ತೆಗೆದುಕೊಳ್ಳುತ್ತಾರೆ. ಒಂದು ಬಿಲ್ಲೆ ಉಳಿದರೆ ಒಂದು ಜೀವ ಕೆಳಗಿದೆ ಎಂದರ್ಥ. ಅದು ಬರುವ ತನಕ ಹಲಗೆಯವನು ಕದಲುವ ಹಾಗಿಲ್ಲ.

ಮುದುಕ ಬಯ್ಯಲಿಲ್ಲ. ಕೇಳಿದ.

“ನಿಮ್ಮ ಆ ದಂಡಿನ್ಯಾಗ ಹಲಗಿ ಐತೇನು?”

“ಯಾವ ಹಲಗಿ ಯಪ್ಪಾ?”

“ಎಷ್ಟ ಮಂದಿ ಹೋದ್ರು, ಎಷ್ಟ ಮಂದಿ ಬಂದ್ರು ನೋಡೂ ಹಲಗಿ.”

“ಅದು ಗಣಿ ಅಲ್ಲಪ್ಪಾ, ಯುದ್ಧ.”

“ಹಂಗಾರ ಇನ್ನೂ ದೊಡ್ಡ ಹಲಗಿ ಬೇಕಲ್ಲ.”

ಹೆಂಡತಿ ಕೇಳಿದ್ದು ಒಂದೇ. “ಯಾವಾಗ ಬರ್ತಿ?” ಅಲ್ಲಿ ಗಂಡನಿಗೆ ನೀನು ಎಂದೇ ಅನ್ನುತ್ತಾರೆ, ಗಾಬರಿಯಾಗಬೇಡಿ. “ಕಾಗದ ಹಾಕ್ತೀನಿ,” ಎಂದ. ಹಾಕಲಿಲ್ಲ.

ಆಫ್ರಿಕದ ಆ ದಂಡಿನಲ್ಲಿ ಅವರು ಹನ್ನೊಂದು ಮಂದಿ. ಯಾರ ಹೆಸರೂ ನಿಜವಲ್ಲ. ನಾಯಕ ಎಲ್ಲರ ಕಾಗದಪತ್ರವನ್ನು ತಗಡಿನ ಡಬ್ಬಿಗೆ ಹಾಕಿಸಿದ. “ಸತ್ರ ನೀವು ಯಾರಂತ ಯಾರಿಗೂ ಗೊತ್ತಾಗಬಾರದು.” ಇವನು ಎಲ್ಲ ಕೊಟ್ಟ, ಹಳೆಯ ಗಣಿಯ ಬಿಲ್ಲೆಯೊಂದು ಮಾತ್ರ ಕಾಲುಚೀಲದಲ್ಲಿ ಉಳಿಯಿತು. ಮೊದಲ ದಿನ ಬೆಳಿಗ್ಗೆ ಬೀಡಿನಿಂದ ಹೊರಡುವಾಗ ಏನು ಮಾಡಿದ ಗೊತ್ತೇ? ಮರಕ್ಕೊಂದು ಮೊಳೆ ಹೊಡೆದು ಬಿಲ್ಲೆ ನೇತುಹಾಕಿದ. ಹದಿನಾರು ವರ್ಷದ ರೂಢಿ. ಕೈ ತಾನಾಗಿ ಮಾಡಿತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರಲ್ಲೊಬ್ಬ ಸದಾ ಸೀಟಿ ಹೊಡೆಯುವವನು. ಸೋಡಾ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಅದೇ ಮೊಳೆಗೆ ಹಾಕಿದ. “ನಂದೂ ಇರ್ಲಿ ದೋಸ್ತ. ನಮ್ಮವ್ವ ಬಿಟ್ರ ನನ್ನ ಹಾದಿ ಕಾದವ್ರು ಯಾರೂ ಇಲ್ಲ, ಈ ಮರ ಕಾಯ್ಲಿ.” ತಮಾಷೆಗೆ ಹಾಕಿದ್ದು. ಆದರೆ ಮರುದಿನವೂ ಹಾಕಿದ, ಅದರ ಮರುದಿನವೂ ಹಾಕಿದ.

ಆ ಮಂದಿ ಮಾಡಿದ್ದೇನು? ಯಾರದೋ ಸೇತುವೆ ಕಾದರು. ಯಾರದೋ ಊರಿನ ಕಣಜ ಸುಟ್ಟರು. ಸುಡುವಾಗ ಒಬ್ಬ ಮುದುಕಿ ಇವನ ಮುಖ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇವನ್ಯಾರು, ಎಲ್ಲಿಯವನು, ನಮ್ಮ ಜೋಳದ ಮೇಲೆ ಇವನಿಗೇನು ಹಗೆ ಎಂಬಂತೆ ನೋಡಿದಳು.

ಒಂದು ಮಧ್ಯಾಹ್ನ ಹನ್ನೊಂದು ಮಂದಿ ಹೋದವರು ಹತ್ತೇ ಮಂದಿ ಬಂದರು. ಇವನು ತನ್ನ ಬಿಲ್ಲೆ ತೆಗೆದುಕೊಂಡ. ಮುಚ್ಚಳ ಮೊಳೆಯಲ್ಲೇ ಉಳಿಯಿತು. ನಾಯಕನ ಹತ್ತಿರ ಹೋದ.

“ಸೀಟಿಯಾಂವ ಬಂದಿಲ್ಲ.”

“ನೋಡೀನಿ.”

“ಹೊಳಿ ದಾಟೂಮುಂದ ಇದ್ದ. ಕಾಲಿಗೆ ಪೆಟ್ಟಾಗಿರಬೇಕು. ಇನ್ನೂ ಬೆಳಕೈತಿ, ನಾಕು ಮಂದಿ ಹೋಗಿ ಬರೂಣು.”

“ಬಾಡಿಗಿ ಮಂದೀನ ಯಾರು ಎಣಸ್ತಾರ? ಕುಂದ್ರು, ಉಣ್ಣು.”

ಈಗ ನೀವು ಕಾಯುತ್ತಿದ್ದೀರಿ: ಅವನು ತಟ್ಟೆ ಬಿಸುಟು ಎದ್ದ, ಗೆಳೆಯನನ್ನು ಹೆಗಲ ಮೇಲೆ ಹೊತ್ತು ತಂದ ಎಂದು ನಾನು ಹೇಳುತ್ತೇನೆಂದು. ಇಲ್ಲ. ಅವನು ಉಂಡ. ಎಲ್ಲರೂ ಉಣ್ಣುತ್ತಿದ್ದರು, ತಾನೊಬ್ಬನೇ ಎದ್ದರೆ ಹೆಂಗರುಳಿನವನು ಎಂದಾರು ಎಂದು ಉಂಡ. ಗಂಡಸಾಗಲೆಂದು ಅಷ್ಟು ದೂರ ಹೋದವನು, ಗಂಡಸರು ಏನಂದಾರೋ ಎಂಬ ಅಂಜಿಕೆಗೆ ಕೂತು ಉಂಡ. ಆಮೇಲೆ ಎಷ್ಟೋ ದಿನ ಆ ಮುಚ್ಚಳ ಗಾಳಿಗೆ ಮರಕ್ಕೆ ಬಡಿಯುತ್ತಿತ್ತು. ಟಿಕ್, ಟಿಕ್. ಅವನು ಎಲ್ಲಿ ಕೂತರೂ ಕೇಳಿಸುತ್ತಿತ್ತು. ಕಡೆಗೆ ಒಂದು ದಿನ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಊರಿನ ಹಾದಿ ಹಿಡಿದ.

ಊರಿಗೆ ಬಂದದ್ದು ಎಂಟು ತಿಂಗಳ ಮೇಲೆ. ಮನೆಗೆ ಬೀಗ. ನೇರ ಗಣಿಗೆ ನಡೆದ. ಪಾಳಿ ಬಿಟ್ಟಿತ್ತು, ಹಲಗೆ ಬರಿದಾಗುತ್ತಿತ್ತು. ಒಂದು ಬಿಲ್ಲೆ ಉಳಿಯಿತು. ಹೆಂಡತಿಯದು.

“ಯಪ್ಪಾ, ಅಕಿ ಎಲ್ಲಿ?”

“ಕೆಳಗ ಪಂಪು ಕೆಟ್ಟೈತಂತ. ನಿಂತಕೋ.”

ನಿಂತ. ನಿಲ್ಲಲಾರ. ಗಣಿಯ ಬಾಯಿಗೆ ಹೋದ, ಹಲಗೆಗೆ ಬಂದ, ಮತ್ತೆ ಗಣಿಯ ಬಾಯಿಗೆ ಹೋದ. ಜೇಬಿನ ಮುಚ್ಚಳ ತೆಗೆದು ಅಪ್ಪನ ಕೈಗಿಟ್ಟ.

“ಯಾರದು ಇದು?”

“ಹೆಸರು ಗೊತ್ತಿಲ್ಲಪ್ಪಾ. ಬಂದಿಲ್ಲ. ನಾ ಉಣ್ಕೋತ ಕುಂತೆ.”

ಮುದುಕ ಹಲಗೆಯ ಕೊನೆಯ ಮೊಳೆಗೆ ಆ ಮುಚ್ಚಳ ಹಾಕಿದ. ಅದನ್ನು ತೆಗೆಯಲು ಯಾರೂ ಬರಲಾರರು. ಆದರೂ ಹಾಕಿದ.

ಹೆಂಡತಿ ಮೇಲೆ ಬಂದಳು. ಮಸಿ ಮೆತ್ತಿದ ಮುಖದಲ್ಲಿ ಕಣ್ಣಷ್ಟೇ ಬಿಳಿ. ಬಿಲ್ಲೆ ತೆಗೆದುಕೊಂಡು ಇವನನ್ನು ನೋಡಿದಳು.

“ಎಷ್ಟೊತ್ತಾತು ನಿಂತು?”

“ಎರಡು ತಾಸು. ಜೀವ ಹೋದಂಗಾತು.”

“ನಾ ಎಂಟು ತಿಂಗಳು ನಿಂತೀನಿ,” ಎಂದಳು. “ನನಗ ನೋಡಾಕ ಹಲಗಿನೂ ಇರಲಿಲ್ಲ.”

ಅಷ್ಟು ಹೇಳಿ ಮುಂದೆ ನಡೆದಳು. ಅವನು ಅವಳ ಬುತ್ತಿಡಬ್ಬಿ ಎತ್ತಿಕೊಂಡು ಹಿಂದೆ ನಡೆದ. ಅಂದಿನಿಂದ ಅವಳ ಪಾಳಿ ಬಿಡುವ ಹೊತ್ತಿಗೆ ಹಲಗೆಯ ಹತ್ತಿರ ನಿಲ್ಲುವುದು ಅವನ ಕೆಲಸವಾಯಿತು. ಕ್ಷೌರದಂಗಡಿಯವರು ನಕ್ಕರು. ಅವನು ನಿಂತೇ ಇದ್ದ.

ಇದು ಅಮೆರಿಕದ ಮಾತೆಂದು ಬಿಡಬೇಡಿ. ನಮ್ಮ ಓಣಿಯ ಹುಡುಗರು ಯಾರೋ ಮೀಸೆ ತಿರುವಿ ಕರೆದರೆಂದು ಯಾರದೋ ಜಗಳಕ್ಕೆ ಬಡಿಗೆ ಹಿಡಿದು ಹೋಗುವುದಿಲ್ಲವೇ? ಹೋಗುವ ಮೊದಲು ಒಂದು ಮಾತು ಕೇಳಿರಪ್ಪಾ: ನಾನು ಬಿದ್ದರೆ ಇವರು ನನ್ನನ್ನು ಎಣಿಸುತ್ತಾರೆಯೇ?

ಇನ್ನು ಹಿರಿಯರಿಗೆ. ನಾವು ದಣಿದು ಬಂದೆವೆಂದು ತಟ್ಟೆಯ ಮುಂದೆ ಕೂರುತ್ತೇವೆ. ಸೊಸೆ ಎರಡನೇ ಪಾಳಿ ಮುಗಿಸಿ ಇನ್ನೂ ಬಸ್ಸಿನಲ್ಲಿದ್ದಾಳೆ. ಮಾತು ಬಿಟ್ಟ ತಮ್ಮ ನಾಲ್ಕು ಮನೆ ಆಚೆ ಜ್ವರದಲ್ಲಿದ್ದಾನೆ. ಎಣಿಸಿದಿರಾ? ಇಂದಿನಿಂದ ತುತ್ತು ಮುರಿಯುವ ಮೊದಲು ಒಮ್ಮೆ ತಲೆ ಎತ್ತಿ ನೋಡಿ, ಯಾರು ಬಂದಿಲ್ಲ ಎಂದು. ಒಬ್ಬರು ಉಳಿದಿದ್ದರೂ ಏಳಿ. ಪಕ್ಕದವರು ನಕ್ಕರೂ ಏಳಿ. ಬಸ್ಸಿನ ತನಕ ಹೋಗಿ, ತಮ್ಮನ ಬಾಗಿಲ ತನಕ ಹೋಗಿ.

ರೊಟ್ಟಿ ಆರಿದರೆ ಆರಲಿ.