ಹಜೀರಾಬಿಯ ಖಾಲಿ ಕ್ಯಾಸೆಟ್

ಸ್ವಲ್ಪ ಹತ್ತಿರ ಬರ್ರಿ, ಜೋರಾಗಿ ಹೇಳೋ ವಿಷಯ ಅಲ್ಲ ಇದು. ನನ್ನ ಪಕ್ಕದ ಅಂಗಡಿಯ ಮುನಾಫನಿಗೆ ಆಗಿದ್ದು. ಎಂಬತ್ತಮೂರನೇ ಇಸವಿ, ದಾವಣಗೆರೆಯಲ್ಲಿ ನನ್ನದು ವಾಚ್ ರಿಪೇರಿ, ಅವನದು ಕ್ಯಾಸೆಟ್ ರೆಕಾರ್ಡಿಂಗ್. ನಡುವೆ ಒಂದು ಹಲಗೆ ಗೋಡೆ ಅಷ್ಟೇ.

ಅವತ್ತು ಮುನಾಫ ಅಂಗಡಿ ಮುಚ್ಚಿ ತನ್ನೂರು ಆವರಗೆರೆಗೆ ನಡ್ಕೊಂಡು ಹೊರಟಿದ್ದ. ಕತ್ತಲಾಗಿತ್ತು. ಊರು ಸಿಗೋಕೆ ಮುಂಚೆ ಒಂದು ಹಾಳು ಬಾವಿ... ಅಲ್ಲಿ ಕೊಳಲು ಕೇಳಿಸಿತು. ನಮ್ಮ ಬಿದಿರಿನ ಕೊಳಲಲ್ಲ, ವಿಲಾಯತಿ ಲೋಹದ ಕೊಳಲು. ದನಿ ತಣ್ಣಗಿತ್ತು. ಜೊತೆಗೆ ಯಾರೋ ತಂತಿ ಮೀಟುತ್ತಿದ್ದರು... ಟಿಣ್... ಟಿಣ್... ಟಿಣಿಣಿಣ್... ಬಾವಿಯೊಳಗಿಂದ.

ಆ ರಾಗ ಮುನಾಫನಿಗೆ ಗೊತ್ತಿತ್ತು. ಆ ವಾರವೇ ಅದನ್ನು ಕ್ಯಾಸೆಟ್‌ಗೆ ತುಂಬಿ ಕೊಟ್ಟಿದ್ದ. ವಾದ್ಯ ನಿಂತಿತು. ಜೀರುಂಡೆ ಕೂಡ ಸುಮ್ಮನಾದವು. ಯಾರೋ ಉಸಿರು ಎಳೆದುಕೊಂಡರು... ಹ್ಸ್ಸ್... ಆಮೇಲೆ ಒಂದು ಗಂಡು ದನಿ, ಕಿವಿಗೆ ತಾಗುವಷ್ಟು ಹತ್ತಿರ. ಮಾತು ಉರ್ದು, ನಾನು ಕನ್ನಡದಲ್ಲಿ ಹೇಳ್ತೀನಿ.

"ಅಮ್ಮಾ... ಕೇಳಿಸ್ತೈತಾ?"

ಮುನಾಫ ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಅದು ಯಾರ ದನಿ ಅಂತ ತಿಳೀಬೇಕಾದರೆ ಹಜೀರಾಬಿಯ ವಿಷಯ ಹೇಳಬೇಕು. ಹರಿಹರದ ಪಕ್ಕದ ಗುತ್ತೂರಿನವಳು, ಗಂಡ ಇಲ್ಲ. ಒಬ್ಬನೇ ಮಗ ಖಾಜಾ ಹುಸೇನ್, ದುಬೈಗೆ ಕಟ್ಟಡ ಕೆಲಸಕ್ಕೆ ಹೋಗಿದ್ದವನು ಮೇಲಿಂದ ಬಿದ್ದು ಸತ್ತ. ಮಣ್ಣೂ ಅಲ್ಲೇ ಆಯ್ತು. ಸಾವಿನ ಸುದ್ದಿ ಬಂದಮೇಲೆ, ರಜೆಗೆ ಬಂದ ಅವನ ಜೊತೆಗಾರನೊಬ್ಬ ಒಂದು ಕ್ಯಾಸೆಟ್ ತಂದುಕೊಟ್ಟ. ಆಗ ಹಂಗೇ ಇತ್ತಲ್ಲ, ಓದು ಬಾರದ ಮನೆಗಳಿಗೆ ಕಾಗದ ಬರೆಯೋ ಬದಲು ಮಾತು ತುಂಬಿ ಕಳಿಸೋರು. ಖಾಜಾ ಸಾಯೋ ಮೊದಲು ತುಂಬಿಟ್ಟಿದ್ದ.

ಆ ಕ್ಯಾಸೆಟ್ ಅವಳು ಒಂದು ಸಲವೂ ಕೇಳಿರಲಿಲ್ಲ. ತಂದವನು ಬುದ್ಧಿವಂತ, ಹಾಕಿದಷ್ಟು ಸಲ ದನಿ ಸವೀತದೆ ಅಂತ ಹೇಳಿಬಿಟ್ಟಿದ್ದ. ಮೊದಲು ಇನ್ನೊಂದಕ್ಕೆ ಇಳಿಸಿಕೊಂಡು ಅದನ್ನು ಕೇಳೋದು, ಮೂಲದ್ದು ಟ್ರಂಕಿನಲ್ಲಿ ಇಡೋದು ಅಂತ ಅವಳ ಲೆಕ್ಕ. ಮಗನ ದನಿ ಸವೆಯಬಾರದು ಅಂತ ಅಷ್ಟು ದಿನ ಆಸೆ ಅದುಮಿಕೊಂಡಿದ್ದವಳು ಅದನ್ನು ತಂದು ಕೊಟ್ಟಿದ್ದು ಈ ಮುನಾಫನ ಕೈಗೆ. ಅವನು ನಾಳೆ ಬಾ ಅಂದ.

ಅದೇ ದಿನ ವಾಮದೇವಪ್ಪನವರು ಬಂದರು. ಹರಿಹರದ ಒಂದು ಕಾರ್ಖಾನೆಯಲ್ಲಿ ಆಫೀಸರು, ಸಂಗೀತದ ಹುಚ್ಚು. ಜರ್ಮನಿಯಿಂದ ತರಿಸಿದ ಎಲ್‌ಪಿ ರೆಕಾರ್ಡು ಕಂಕುಳಲ್ಲಿ. ಅದಕ್ಕೆ ಕನ್ಸರ್ಟೊ ಅಂತಾರಂತೆ, ಹಿಂದೆ ದೊಡ್ಡ ಮೇಳ, ಮುಂದೆ ಒಬ್ಬಿಬ್ಬರು ನುಡಿಸೋರು. ರೆಕಾರ್ಡಿನ ಒಂದು ಮಗ್ಗುಲಲ್ಲಿ ಕೊಳಲು ಮತ್ತು ಹಾರ್ಪ್, ಇನ್ನೊಂದರಲ್ಲಿ ನಮ್ಮ ಶಹನಾಯಿಯಂಥ ಓಬೋ ಮತ್ತು ಹಾರ್ಪ್. ಹಾರ್ಪ್ ಅಂದರೆ ಆಳೆತ್ತರಕ್ಕೆ ನಿಲ್ಲಿಸಿದ ತಂತಿವಾದ್ಯ, ಎರಡೂ ಕೈಯಲ್ಲಿ ಮೀಟೋದು. ಒಂದೊಂದು ಭಾಗ ಮುಗಿದಾಗ ಸ್ವಲ್ಪ ಮೌನ ಇರ್ತದೆ. ಲೋಕಲ್ ಕ್ಯಾಸೆಟ್ಟಿನಲ್ಲಿ ಹಾರ್ಪಿನ ಸಣ್ಣ ತಂತಿ ಕೇಳೋದಿಲ್ಲ, ಫಾರಿನ್ನಿಗೇ ತುಂಬಬೇಕು ಅಂತ ಅವರ ಹಟ.

ಅಂಗಡಿಯಲ್ಲಿದ್ದ ಫಾರಿನ್ ಕ್ಯಾಸೆಟ್ ಹಜೀರಾಬಿ ಕೊಟ್ಟಿದ್ದ ಅದೊಂದೇ. ಮುನಾಫ ಹಾಕಿ ನೋಡಿದ. "ಅಮ್ಮಾ, ಕೇಳಿಸ್ತೈತಾ?" ಅಂತ ಬಂತು. ಅಷ್ಟು ಕೇಳಿದವನು ರೆಕಾರ್ಡಿಂಗಿನ ಎರಡು ಬಟನ್ ಒಟ್ಟಿಗೆ ಅದುಮಿದ. ಟಕ್. ಹುಡುಗನ ಮಾತಿನ ಮೇಲೆ ಕೊಳಲು ಹತ್ತಿತು. ಇದನ್ನು ಆಮೇಲೆ ಅವನೇ ನನ್ನ ಹತ್ತಿರ ಬಾಯಿಬಿಟ್ಟಿದ್ದು.

ಮಾರನೇ ದಿನ ಹಜೀರಾಬಿ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಮುನಾಫ ಒಂದು ಖಾಲಿ ಲೋಕಲ್ ಕ್ಯಾಸೆಟ್ಟನ್ನು ಅವಳ ಫಾರಿನ್ ಡಬ್ಬಿಯಲ್ಲಿ ಹಾಕಿ ಕೊಟ್ಟ. ಅವಳಿಗೆ ಏನು ಗೊತ್ತಾಗಬೇಕು ಪಾಪ. ನಾವು ಚಿಕ್ಕಮ್ಮ ಅನ್ನೋ ಹಂಗೆ ಖಾಲಾ ಅಂತ ಕರೆದು ಹೇಳಿದ.

"ಖಾಲಿ ಐತೆ ಖಾಲಾ. ಒಂದು ಮಾತೂ ಇಲ್ಲ."

"ಅಷ್ಟು ದೂರದಿಂದ ಖಾಲಿ ಯಾಕ ಕಳಿಸ್ತಾನೆ ಬೇಟಾ?"

"ಹೇಳಾಕೆ ಏನೂ ಇರ್ಲಿಲ್ಲೇನೋ."

ಅವಳು ಅಳಲಿಲ್ಲ. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಹೋದಳು.

ಮುನಾಫ ಬಾವಿ ಹತ್ತಿರದಿಂದ ಓಡಿದ ಮರುದಿನವೇ ವಾಮದೇವಪ್ಪನವರು ಕ್ಯಾಸೆಟ್ ವಾಪಸ್ ತಂದರು, ರೆಕಾರ್ಡೂ ಜೊತೆಗಿತ್ತು. ಮೊದಲನೇ ಭಾಗ ಮುಗಿದು ಎರಡನೇದು ಶುರುವಾಗೋ ನಡುವೆ ಯಾರೋ ಮಾತಾಡ್ತಾರೆ ಅಂದರು. ಹಳೇದು ಪೂರ್ತಿ ಅಳಿಸಿಲ್ಲ ಸಾರ್, ಹಂಗಾಗ್ತದೆ ಅಂದ ಮುನಾಫ. ಅವರ ಮುಂದೆಯೇ ಹೊಸ ಕ್ಯಾಸೆಟ್ಟಿನ ಪ್ಯಾಕ್ ಒಡೆದು ತುಂಬಿದ. ಅದರಲ್ಲೂ ಬಂತು. ಕೊನೆಗೆ ಕ್ಯಾಸೆಟ್ ಸಹವಾಸವೇ ಬೇಡ ಅಂತ ರೆಕಾರ್ಡನ್ನೇ ಹಾಕಿದ. ಕೊಳಲು ನಿಂತಿತು, ಹಾರ್ಪಿನ ಕೊನೇ ತಂತಿ ಅಡಗಿತು, ಮುಳ್ಳು ಮಾತ್ರ ಕರ್... ಕರ್... ಅನ್ನುತ್ತಿತ್ತು... ಹ್ಸ್ಸ್...

"ಅಮ್ಮಾ... ಕೇಳಿಸ್ತೈತಾ?"

ಜರ್ಮನಿಯಲ್ಲಿ ಅಚ್ಚಾದ ರೆಕಾರ್ಡಿನೊಳಗೆ ಗುತ್ತೂರಿನ ಹುಡುಗ. ವಾಮದೇವಪ್ಪನವರು ರೆಕಾರ್ಡು ಮುಟ್ಟಲಿಲ್ಲ. ಇಲ್ಲೇ ಇರ್ಲಿ ಅಂತ ಹೋದವರು ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಆಗ ಮುನಾಫ ನನ್ನ ಮುಂದೆ ಎಲ್ಲಾ ಕಕ್ಕಿದ. ಬಾಯಿಗೆ ಬಂದಂಗೆ ಬೈದೆ. ಆ ತಾಯಿಯನ್ನು ಕರ್ಕೊಂಡು ಬಾ, ದೆವ್ವ ಆದರೇನು, ಅವಳ ಮಗ ತಾನೇ ಅಂದೆ. ಮಧ್ಯಾಹ್ನದ ಬಸ್ಸಿಗೆ ಕರ್ಕೊಂಡು ಬಂದ. ಕಾಲು ಹಿಡಿದು ನಿಜ ಹೇಳಿದ. ಅವಳು ಬೈಯಲಿಲ್ಲ. ಹಾಕು ಅಂದಳು, ಅಷ್ಟೇ.

ಚೆನ್ನಾಗಿ ಕೇಳಲಿ ಅಂತ ಕಿವಿ ಮೇಲಿನ ಸೆರಗು ಹಿಂದಕ್ಕೆ ಸರಿಸಿಕೊಂಡು ಕೂತಳು. ಕೊಳಲು, ಹಾರ್ಪ್, ಮೇಳ... ಮೊದಲನೇ ಭಾಗ ಮುಗೀತು. ಹ್ಸ್ಸ್...

"ಅಮ್ಮಾ... ಕೇಳಿಸ್ತೈತಾ? ನಾನು ಖಾಜಾ."

ಈ ಸಲ ಅದು ನಿಲ್ಲಲಿಲ್ಲ. ರೆಕಾರ್ಡು ತಿರುಗ್ತಾ ಇತ್ತು, ಮುಳ್ಳು ಆ ಮೌನದ ಗೆರೆ ದಾಟಲೇ ಇಲ್ಲ. ಹುಡುಗ ನಿಧಾನಕ್ಕೆ ಮಾತಾಡಿದ. ಕೆಮ್ಮು ಹೆಂಗೈತೆ, ಹೊಗೆ ಒಲೆ ಮುಂದೆ ಕೂಡಬ್ಯಾಡ ಅಂದ. ರಮ್ಜಾನ್ ಹೊತ್ತಿಗೆ ಬರ್ತೀನಿ, ನಿನಗೊಂದು ಶಾಲು ತಗೊಂಡೀನಿ ಅಂದ. ಬಣ್ಣ ಹೇಳಲ್ಲ ಅಂತ ನಕ್ಕ. ಮುನಾಫ ಟೋಪಿ ಬಾಯಿಗೆ ತುರುಕಿಕೊಂಡು ಬಿಕ್ಕುತ್ತಿದ್ದ. ನನ್ನ ಕಣ್ಣಲ್ಲೂ ನೀರು. "ಸಲಾಂ ಅಮ್ಮಾ" ಅಂತ ಮಾತು ಮುಗೀತು. ಎರಡನೇ ಭಾಗದ ಕೊಳಲು ಎದ್ದಿತು.

ಹಜೀರಾಬಿ ತಿರುಗೋ ರೆಕಾರ್ಡನ್ನೇ ನೋಡ್ತಾ ಕೂತಿದ್ದಳು. ಮುನಾಫನ ಕಡೆ ತಿರುಗಿ ಮೆಲ್ಲಗೆ ಕೇಳಿದಳು. "ನನ್ನ ಮಗನ ಮಾತು ಯಾವಾಗ ಬರ್ತೈತೆ ಬೇಟಾ?"

ಮತ್ತೆ ಹಾಕಿದೆವು. ಆ ದನಿ ಮತ್ತೆ ಬರಲಿಲ್ಲ, ಯಾರಿಗೂ. ಕೇಳಿದ್ದನ್ನು ನಾವಿಬ್ಬರೂ ಹೇಳಿದೆವು, ಕೆಮ್ಮು, ಶಾಲು, ನಗು, ಎಲ್ಲಾ. ಅವಳು ನಮ್ಮಿಬ್ಬರ ಮುಖ ನೋಡಿದಳು.

"ಖಾಲಿ ಅಂತ ಅವತ್ತೇ ಹೇಳಿದ್ದಿ. ನಾನು ತಡ್ಕೊಂಡಿದ್ದೆ. ಇಬ್ರೂ ಸೇರಿ ಯಾಕ ಈಗ ಆಟ ಆಡ್ತೀರಿ?"

ಸೆರಗು ಹೊದ್ದುಕೊಂಡು ಇಳಿದು ಹೋದಳು. ಅದಾಗಿ ಒಂದು ತಿಂಗಳಿಗೆ ಗುತ್ತೂರಿನಲ್ಲಿ ತೀರಿಕೊಂಡಳು. ಕೆಮ್ಮಿನಿಂದಲೇ ಅಂತ ಸುದ್ದಿ ಬಂತು.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು... ನಾನಂತೂ ಅಲ್ಲಿದ್ದೆ. ಅವತ್ತು ಅವಳು ಅಂಗಡಿ ಇಳಿದು ಹೋದಮೇಲೆ ಎದುರಿನ ಹೋಟ್ಲಿನ ಹಯಾತ್ ಸಾಬ್ ರಸ್ತೆ ದಾಟಿ ಚಹಾ ತಂದಿಟ್ಟರು. ಅವರಿಗೆ ಈ ವಿಷಯ ನಾವ್ಯಾರೂ ಹೇಳಿರಲಿಲ್ಲ. ಗ್ಲಾಸು ಇಡ್ತಾ ಕೇಳಿದರು, "ಶಾಲಿನ ಬಣ್ಣ ಹೇಳಲ್ಲ ಅಂತ ನಗ್ತಿದ್ನಲ್ಲ, ಆ ಹುಡುಗ ಎಲ್ಲಿ ಹೋದ? ಅವನಿಗೂ ಚಹಾ ತಂದೀನಿ."